ಮುಖವಾಡ ತೊಟ್ಟ ಪ್ರಾಸಕವಿ: ಕನ್ನಡದ ಕಾವ್ಯಾಸಕ್ತರಿಗೂ ಸಂಗೀತಾಸಕ್ತರಿಗೂ ಒಂದು ಬಹಿರಂಗ ಪತ್ರ



ಛಂದಸ್ಸಿನ ಪರಿಚಯವಿರುವ, ತೊಡೆಯ ಮೇಲೆ ತಾಳ ಹಾಕುತ್ತಾ ಹಾಡು ಕೇಳುವ ರೂಢಿಯಿರುವ ಕನ್ನಡಿಗರಲ್ಲಿ ಹಲವರು ಹಿಪ್‌ಹಾಪ್ ಎಂಬ ಪ್ರಕಾರವನ್ನು ಸರಿಯಾಗಿ ಕೇಳುವ ಮೊದಲೇ ದೂರವಿಟ್ಟಿದ್ದಾರೆ. ಸಿನಿಮಾ ಹಾಡಿನ ನಡುವೆ ನಾಲ್ಕೆಂಟು ಸಾಲು ತೂರಿಬರುವ ರ‍್ಯಾಪ್, ಮೆರವಣಿಗೆಯ ಡಿಜೆ ಸ್ಪೀಕರುಗಳಿಂದ ಎದೆಗೆ ಗುದ್ದುವ ಸದ್ದು, ದುಬಾರಿ ಕಾರು ಮತ್ತು ಚಿನ್ನದ ಸರಗಳ ಪ್ರದರ್ಶನಕ್ಕೆಂದೇ ತೆಗೆದಂತಿರುವ ವಿಡಿಯೊಗಳು, ಇವಿಷ್ಟನ್ನೇ ಕಂಡು ಕೇಳಿ ಒಂದು ಕಲೆಯನ್ನು ಅಳೆದಾಗ ಆ ತಿರಸ್ಕಾರ ಹುಟ್ಟುವುದು ಸಹಜವೇ ಆಗಿದೆ. ಆದರೆ ಯಾವ ಕಲೆಯನ್ನಾದರೂ ಅದರ ಅಂಗಡಿಮುಂಗಟ್ಟಿನಲ್ಲಿ ತೂಗುಹಾಕಿದ ಸರಕಿನಿಂದಲೇ ನಿರ್ಣಯಿಸುವುದು ನ್ಯಾಯವಲ್ಲವೆಂಬುದನ್ನು, ಜನಪ್ರಿಯ ಕಾದಂಬರಿಗಳ ರಾಶಿಯ ನಡುವೆಯೂ ಒಳ್ಳೆಯ ಸಾಹಿತ್ಯವನ್ನು ಹುಡುಕಿ ಓದಿದ ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಪತ್ರ ಮಂಡಿಸಬಯಸುವ ಮಾತು ಇಷ್ಟೇ: ಪ್ರಾಸವನ್ನು ಪ್ರೀತಿಸುವ ಓದುಗರಿಗೂ ಲಯದ ಸೂಕ್ಷ್ಮ ಬಲ್ಲ ಕೇಳುಗರಿಗೂ ಅಂಡರ್‌ಗ್ರೌಂಡ್ ಹಿಪ್‌ಹಾಪ್ ಒಲಿಯದಿರಲು ಯಾವ ಕಾರಣವೂ ಇಲ್ಲ; ಅದು ಒಲಿಯಬೇಕಾದರೆ ಅದರ ಚರಿತ್ರೆಯನ್ನೋ ಸಿದ್ಧಾಂತವನ್ನೋ ಓದುವುದಕ್ಕಿಂತ ಮೊದಲು ಒಂದು ಒಳ್ಳೆಯ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಕೇಳಬೇಕು. ಅಂಥದ್ದೊಂದು ಆಲ್ಬಮ್ 2004ರ ಮಾರ್ಚ್ 23ರಂದು ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆಯಿಂದ ಹೊರಬಂದ ‘ಮ್ಯಾಡ್‌ವಿಲನಿ’. ಒಟ್ಟು 22 ತುಣುಕುಗಳು, ಎಲ್ಲ ಸೇರಿ ಸುಮಾರು 46 ನಿಮಿಷ, ಮಾತು ಎಂ.ಎಫ್. ಡೂಮ್ ಅವರದು, ಸಂಗೀತ ಮ್ಯಾಡ್‌ಲಿಬ್ ಅವರದು, ಇಬ್ಬರೂ ಕೂಡಿದಾಗ ತಳೆದ ಜಂಟಿ ಹೆಸರು ಮ್ಯಾಡ್‌ವಿಲನ್. ಅಮೆರಿಕದಲ್ಲಷ್ಟೇ ಅಲ್ಲದೆ ಹಿಪ್‌ಹಾಪ್ ಕೇಳುವವರಿರುವ ಎಲ್ಲ ಕಡೆಯೂ, ಅಲ್ಲಿಯವರೆಗೆ ಈ ಸಂಗೀತವನ್ನು ಲಘುವಾಗಿ ಕಂಡಿದ್ದ ಎಷ್ಟೋ ಮಂದಿ ಇದೊಂದು ಆಲ್ಬಮ್ಮಿನ ಮೂಲಕವೇ ಅದಕ್ಕೆ ಮನಸೋತಿದ್ದಾರೆ, ಮತ್ತು ಹಾಗೇಕೆ ಆಗುತ್ತದೆ ಎಂಬುದನ್ನು ವಿವರಿಸುವುದು ಸಾಧ್ಯವಿದೆ.

ಮೊದಲು ಕೆಲವು ಪದಗಳ ಪರಿಚಯ ಅಗತ್ಯ. ಹಿಪ್‌ಹಾಪ್‌ನ ಜನ್ಮದಿನವೆಂದು ಸಾಮಾನ್ಯವಾಗಿ ಗುರುತಿಸುವುದು 1973ರ ಆಗಸ್ಟ್ 11ನ್ನು. ಅಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಂದು ವಸತಿ ಕಟ್ಟಡದಲ್ಲಿ ನಡೆದ ಕೂಟಕ್ಕೆ ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ಧ್ವನಿಮುದ್ರಿಕೆಗಳನ್ನು ನುಡಿಸಿದ್ದರು. ಹಾಡಿನಲ್ಲಿ ಗಾಯನ ನಿಂತು ಡೋಲು ಮಾತ್ರ ಉಳಿಯುವ ಭಾಗಕ್ಕೆ ಕುಣಿಯುವವರ ಉತ್ಸಾಹ ಏರುವುದನ್ನು ಗಮನಿಸಿದ ಹರ್ಕ್, ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು ಆ ಕಿರುಭಾಗವನ್ನು ಬೇಕಾದಷ್ಟು ಹೊತ್ತು ಲಂಬಿಸುವ ಉಪಾಯ ಕಂಡುಕೊಂಡರು. ಆ ಲಯದ ಮೇಲೆ ಪ್ರಾಸಬದ್ಧವಾಗಿ ಮಾತು ಹೆಣೆಯುವವರು ಎಂಸಿಗಳೆನಿಸಿದರು. 1980ರ ದಶಕದಲ್ಲಿ ಸ್ಯಾಂಪ್ಲರ್ ಎಂಬ ಯಂತ್ರ ಬಂದು, ಹಳೆಯ ಮುದ್ರಿಕೆಯಿಂದ ಒಂದು ತುಂಡು ನಾದವನ್ನು ಕತ್ತರಿಸಿ, ಶ್ರುತಿ ಮತ್ತು ವೇಗ ಬದಲಿಸಿ, ಆವರ್ತನದಂತೆ ಮರಳಿ ಮರಳಿ ಬರುವ ಹಾಗೆ ಜೋಡಿಸುವುದು ಸಾಧ್ಯವಾಯಿತು. ಹೀಗೆ ಕತ್ತರಿಸಿದ ತುಂಡು ಸ್ಯಾಂಪಲ್, ಅದರ ಆವರ್ತನ ಲೂಪ್, ಇವುಗಳಿಂದ ಕಟ್ಟಿದ ಇಡೀ ವಾದ್ಯರಚನೆ ಬೀಟ್. ಅದನ್ನು ಕಟ್ಟುವವರು ಪ್ರೊಡ್ಯೂಸರ್ ಎನಿಸುತ್ತಾರೆ, ಸಿನಿಮಾದ ಹಣ ಹೂಡುವ ನಿರ್ಮಾಪಕರಿಗೂ ಇವರಿಗೂ ಸಂಬಂಧವಿಲ್ಲ.

ಅಂಡರ್‌ಗ್ರೌಂಡ್ ಎಂಬುದು ಶೈಲಿಯ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಒಂದು ಆರ್ಥಿಕ ಸ್ಥಿತಿಯ ಹೆಸರು. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು, ಬಿಜ್ ಮಾರ್ಕಿ ಎಂಬ ರ‍್ಯಾಪ್ ಕಲಾವಿದರು ಗಿಲ್ಬರ್ಟ್ ಓ’ಸಲಿವನ್ ಅವರ ಹಾಡಿನ ತುಂಡನ್ನು ಅನುಮತಿಯಿಲ್ಲದೆ ಬಳಸಿದ್ದು ತಪ್ಪೆಂದು ತೀರ್ಪಿತ್ತಿತು. ಕದಿಯಬಾರದೆಂಬ ಬೈಬಲಿನ ಕಟ್ಟಳೆಯಿಂದಲೇ ತೀರ್ಪನ್ನು ಆರಂಭಿಸಿದ ನ್ಯಾಯಾಧೀಶರ ಧಾಟಿಯಿಂದ ದೊಡ್ಡ ಕಂಪನಿಗಳು ಬೆದರಿ, ಪ್ರತಿಯೊಂದು ಸ್ಯಾಂಪಲ್ಲಿಗೂ ಮುಂಗಡ ಅನುಮತಿ ಪಡೆದು ಶುಲ್ಕ ತೆರುವ ಪದ್ಧತಿಯನ್ನು ಬಿಗಿಗೊಳಿಸಿದವು. ಒಂದೇ ಹಾಡಿನಲ್ಲಿ ಹತ್ತಾರು ಮುದ್ರಿಕೆಗಳ ತುಂಡು ಹೊಲಿಯುವ ಕಲೆ ಇದರಿಂದ ವಿಪರೀತ ದುಬಾರಿಯಾಯಿತು. ಅಮೆರಿಕದ 1996ರ ದೂರಸಂಪರ್ಕ ಕಾಯಿದೆ ರೇಡಿಯೊ ಕೇಂದ್ರಗಳ ಮಾಲೀಕತ್ವದ ಮಿತಿಯನ್ನು ಸಡಿಲಿಸಿದ ಮೇಲೆ ಕೆಲವೇ ಕಂಪನಿಗಳು ನೂರಾರು ಕೇಂದ್ರಗಳನ್ನು ಕೊಂಡು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ಹಾಡುಗಳ ಪಟ್ಟಿಯನ್ನು ಬಿತ್ತರಿಸತೊಡಗಿದವು. ಈ ಎರಡು ಒತ್ತಡಗಳ ನಡುವೆ ಜಾಗ ಸಿಗದ ಸಂಗೀತ ವಿಶ್ವವಿದ್ಯಾಲಯಗಳ ರೇಡಿಯೊ, ಸಣ್ಣ ಅಂಗಡಿ, ಕಿರು ವೇದಿಕೆ ಮತ್ತು ಸ್ವತಂತ್ರ ಲೇಬಲ್‌ಗಳತ್ತ ಸರಿಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಕೇಂದ್ರದಿಂದ 1990ರಿಂದ 1998ರವರೆಗೆ ನಡುರಾತ್ರಿ ಕಳೆದ ಮೇಲೆ ಬಿತ್ತರವಾಗುತ್ತಿದ್ದ ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್ ಮತ್ತು ಬಾಬಿಟೊ ಅವರ ಕಾರ್ಯಕ್ರಮ, ಬಾಬಿಟೊ ಅವರೇ ನಡೆಸಿದ ಫಾಂಡಲ್ ಎಮ್ ಲೇಬಲ್, 1996ರಲ್ಲಿ ಪೀನಟ್ ಬಟರ್ ವುಲ್ಫ್ ಸ್ಥಾಪಿಸಿದ ಸ್ಟೋನ್ಸ್ ಥ್ರೋ ಇವೆಲ್ಲ ಹೀಗೆ ಸರಿದ ಸಂಗೀತಕ್ಕೆ ನೆಲೆಯಾದವು. ಹಣ ಕಡಿಮೆ, ಪ್ರಚಾರ ಇಲ್ಲವೆಂಬಷ್ಟು. ಆದರೆ ಹಾಡು ಹೀಗೆಯೇ ಇರಬೇಕೆಂದು ಹೇಳುವವರೂ ಇಲ್ಲ.

‘ಮ್ಯಾಡ್‌ವಿಲನಿ’ಯ ಮಾತುಗಾರನಿಗೆ ಆ ಜಾಗ ಸುಖವಾಗಿ ದಕ್ಕಿದ್ದಲ್ಲ. ಡೂಮ್, ಅಂದರೆ ಡೇನಿಯಲ್ ಡುಮಿಲೆ, 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ತಂದೆ ಜಿಂಬಾಬ್ವೆಯವರು, ತಾಯಿ ಟ್ರಿನಿಡಾಡಿನವರು. ಬೆಳೆದದ್ದು ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನಲ್ಲಿ. ತಮ್ಮ ಸಬ್‌ರಾಕ್ ಜೊತೆಗೂಡಿ ಕೆಎಂಡಿ ಎಂಬ ತಂಡ ಕಟ್ಟಿ, ಜೆವ್ ಲವ್ ಎಕ್ಸ್ ಎಂಬ ಹೆಸರಿನಲ್ಲಿ ಬರಿಮುಖದ ಹುಡುಗನಾಗಿಯೇ ರ‍್ಯಾಪ್ ಮಾಡುತ್ತಿದ್ದ ಅವರ ಮೊದಲ ಆಲ್ಬಮ್ ‘ಮಿಸ್ಟರ್ ಹುಡ್’ 1991ರಲ್ಲಿ ಎಲೆಕ್ಟ್ರಾ ಎಂಬ ದೊಡ್ಡ ಕಂಪನಿಯಿಂದ ಬಂತು. ಎರಡನೆಯ ಆಲ್ಬಮ್ಮಿನ ಕೆಲಸ ಮುಗಿಯುವ ಹಂತದಲ್ಲಿ, 1993ರಲ್ಲಿ, ಹೆದ್ದಾರಿ ದಾಟುತ್ತಿದ್ದ ಸಬ್‌ರಾಕ್ ಕಾರು ಬಡಿದು ತೀರಿಕೊಂಡರು. ಕರಿಯರನ್ನು ಹೀಯಾಳಿಸುವ ಹಳೆಯ ವ್ಯಂಗ್ಯಚಿತ್ರದ ಬೊಂಬೆಯನ್ನು ನೇಣಿಗೇರಿಸುವ ಚಿತ್ರವನ್ನು ಆ ಆಲ್ಬಮ್ಮಿನ ಹೊದಿಕೆಗೆ ಡುಮಿಲೆ ಬರೆದಿದ್ದರು. ಜನಾಂಗ ದ್ವೇಷದ ಪ್ರತೀಕವನ್ನು ಕೊಲ್ಲುವ ಆ ಚಿತ್ರವನ್ನೇ ದ್ವೇಷದ ಚಿತ್ರವೆಂದು ಕೆಲವರು ಓದಿದ್ದರಿಂದ ಎದ್ದ ವಿವಾದಕ್ಕೆ ಹೆದರಿದ ಕಂಪನಿ 1994ರಲ್ಲಿ ಮುದ್ರಿಕೆಯನ್ನೂ ಕೈಬಿಟ್ಟಿತು, ಕಲಾವಿದನನ್ನೂ ಕೈಬಿಟ್ಟಿತು. ಒಂದೇ ವರ್ಷದ ಅಂತರದಲ್ಲಿ ಒಡಹುಟ್ಟಿದವನನ್ನೂ ವೃತ್ತಿಯನ್ನೂ ಕಳೆದುಕೊಂಡ ಈ ಮನುಷ್ಯ ಕೆಲವು ವರ್ಷ ಸಂಗೀತಲೋಕದಿಂದಲೇ ಮರೆಯಾದರು.

ಮರಳಿದ್ದು ಮ್ಯಾನ್‌ಹ್ಯಾಟನ್ನಿನ ನ್ಯೂಯೊರಿಕನ್ ಪೊಯೆಟ್ಸ್ ಕೆಫೆಯ ಕವಿಗೋಷ್ಠಿಗಳ ವೇದಿಕೆಗೆ, ಮುಖದ ಮೇಲೆ ಹೆಂಗಸರ ಕಾಲುಚೀಲ ಎಳೆದುಕೊಂಡು. ಅನಂತರ ಅದು ಲೋಹದ ಮುಖವಾಡವಾಯಿತು. ಮಾರ್ವೆಲ್ ಕಾಮಿಕ್ಸ್‌ನ ಡಾಕ್ಟರ್ ಡೂಮ್ ಎಂಬ ಖಳನಾಯಕನಿಂದ ಹೆಸರೂ ವೇಷವೂ ಬಂದವು. 1999ರಲ್ಲಿ ಫಾಂಡಲ್ ಎಮ್ ಲೇಬಲ್ಲಿನಿಂದ ಬಂದ ‘ಆಪರೇಷನ್: ಡೂಮ್ಸ್‌ಡೇ’ ಈ ಹೊಸ ಅವತಾರದ ಮೊದಲ ಆಲ್ಬಮ್. ಕಲಾವಿದನ ಮುಖ, ಮೈಕಟ್ಟು, ಬಟ್ಟೆಬರೆಗಳೇ ಮಾರಾಟದ ಸರಕಾಗಿದ್ದ ಕಾಲದಲ್ಲಿ ಮುಖವನ್ನೇ ಮುಚ್ಚಿ, ಕೇಳುವವರ ಗಮನ ಮಾತಿನ ಮೇಲಷ್ಟೇ ನೆಲೆಗೊಳ್ಳುವಂತೆ ಮಾಡಿದ್ದು ಈ ಮುಖವಾಡದ ದೊಡ್ಡ ಕೆಲಸ. ಅದರ ಇನ್ನೊಂದು ಪರಿಣಾಮ ವ್ಯಾಕರಣದ್ದು: ರ‍್ಯಾಪ್ ಬಹುಮಟ್ಟಿಗೆ ಉತ್ತಮ ಪುರುಷದ ಕಲೆಯಾಗಿರುವಾಗ ಡೂಮ್ ತಮ್ಮ ಪಾತ್ರವನ್ನು ಮೇಲಿಂದ ಮೇಲೆ ಪ್ರಥಮ ಪುರುಷದಲ್ಲಿ, ‘ಖಳ’ ಎಂದೇ ಕರೆಯುತ್ತಾರೆ, ಹೀಗಾಗಿ ಬಡಾಯಿಯ ಸಾಲುಗಳು ಕೂಡ ಒಬ್ಬ ಕಥೆಗಾರನು ತನ್ನ ಪಾತ್ರವನ್ನು ಕುರಿತು ಹೇಳಿದಂತೆ ಕೇಳಿಸುತ್ತವೆ.

ಮ್ಯಾಡ್‌ಲಿಬ್, ಅಂದರೆ ಓಟಿಸ್ ಜಾಕ್ಸನ್ ಜೂನಿಯರ್, 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಆಕ್ಸ್‌ನಾರ್ಡ್ ಎಂಬ ಕರಾವಳಿ ಪಟ್ಟಣದಲ್ಲಿ ಬೆಳೆದವರು. ತಂದೆ ಸೋಲ್ ಎಂಬ ಸಂಗೀತ ಪ್ರಕಾರದ ಗಾಯಕರು, ಸೋದರಮಾವ ಜಾನ್ ಫ್ಯಾಡಿಸ್ ಹೆಸರಾಂತ ಜಾಜ್ ಟ್ರಂಪೆಟ್ ವಾದಕರು. ಮನೆತನದಿಂದ ಬಂದ ಕಿವಿಯ ಜೊತೆಗೆ ಹಳೆಯ ಎಲ್‌ಪಿ ಮುದ್ರಿಕೆಗಳನ್ನು ಧೂಳಿನ ಅಂಗಡಿಗಳಲ್ಲಿ ಗಂಟೆಗಟ್ಟಲೆ ಕೂತು ಆರಿಸುವ ಹುಚ್ಚು ಅವರದು. ಹಿಪ್‌ಹಾಪ್ ಲೋಕದಲ್ಲಿ ಈ ಹವ್ಯಾಸಕ್ಕೆ ಕ್ರೇಟ್ ಡಿಗ್ಗಿಂಗ್ ಎಂಬ ಹೆಸರೇ ಇದೆ. ತಮ್ಮ ಧ್ವನಿಯನ್ನು ಯಂತ್ರದಿಂದ ಚಿಕ್ಕ ಹುಡುಗನ ಧ್ವನಿಯಂತೆ ಕೀರಲಾಗಿಸಿ ಕ್ವಾಸಿಮೊಟೊ ಎಂಬ ಪಾತ್ರವನ್ನು ಸೃಷ್ಟಿಸಿ 2000ದಲ್ಲಿ ‘ದಿ ಅನ್‌ಸೀನ್’ ಎಂಬ ಆಲ್ಬಮ್ ಮಾಡಿದ್ದರು. 2003ರಲ್ಲಿ ಬ್ಲೂ ನೋಟ್ ಎಂಬ ಪ್ರಖ್ಯಾತ ಜಾಜ್ ಸಂಸ್ಥೆ ತನ್ನ ಭಂಡಾರವನ್ನೇ ಅವರ ಮುಂದೆ ತೆರೆದಿಟ್ಟು ಹೊಸ ರೂಪ ಕೊಡುವಂತೆ ಕೇಳಿತ್ತು.

ಇಬ್ಬರೂ ಒಟ್ಟಾಗಿ ಕೆಲಸ ಮಾಡಿದ ರೀತಿಯೇ ಅಸಾಧಾರಣವಾಗಿತ್ತು. ಲಾಸ್ ಏಂಜಲೀಸ್‌ನ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲಿದ್ದ ಒಂದು ಮನೆ ಆಗ ಸ್ಟೋನ್ಸ್ ಥ್ರೋದ ಕಚೇರಿಯೂ ಆಗಿತ್ತು, ವಾಸದ ನೆಲೆಯೂ ಆಗಿತ್ತು. ಅದರಡಿಯಲ್ಲಿ ಬಾಂಬ್ ದಾಳಿಯಿಂದ ರಕ್ಷಣೆಗೆಂದು ಹಿಂದೆಂದೋ ಕಟ್ಟಿದ್ದ ಕಾಂಕ್ರೀಟ್ ಕೋಣೆಯಲ್ಲಿ ಮ್ಯಾಡ್‌ಲಿಬ್ ಬೀಟ್‌ಗಳನ್ನು ಕಟ್ಟುತ್ತಿದ್ದರೆ, ಮೇಲೆ ಬಯಲಿಗೆ ತೆರೆದ ಜಗಲಿಯಲ್ಲಿ ಕೂತು ಡೂಮ್ ಬರೆಯುತ್ತಿದ್ದರು, ಇಬ್ಬರ ನಡುವೆ ಮಾತು ತೀರ ಕಡಿಮೆ. 2002ರಲ್ಲಿ ಬ್ರೆಜಿಲಿನ ಸಾವೊ ಪಾವ್ಲೊಗೆ ಹೋದ ಮ್ಯಾಡ್‌ಲಿಬ್ ಅಲ್ಲಿ ಕೊಂಡ ಹಳೆಯ ಮುದ್ರಿಕೆಗಳನ್ನು ಹೋಟೆಲ್ ಕೋಣೆಯಲ್ಲೇ ಕೈಯಲ್ಲಿ ಒಯ್ಯಬಹುದಾದ ಒಂದು ಟರ್ನ್‌ಟೇಬಲ್, ಒಂದು ಟೇಪ್ ಯಂತ್ರ ಮತ್ತು ಬಾಸ್ ಕಂಪನಿಯ ಎಸ್‌ಪಿ-303 ಎಂಬ ಪುಟ್ಟ ಸ್ಯಾಂಪ್ಲರ್ ಇಟ್ಟುಕೊಂಡು ಬೀಟ್‌ಗಳಾಗಿ ಮಾರ್ಪಡಿಸಿದರು. ‘ರೇಡ್’, ‘ಸ್ಟ್ರೇಂಜ್ ವೇಸ್’, ‘ರೈನ್‌ಸ್ಟೋನ್ ಕೌಬಾಯ್’ ಹುಟ್ಟಿದ್ದು ಹೀಗೆ. ಕೋಟಿಗಟ್ಟಲೆ ಬೆಲೆಯ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದ ಅಂದಿನ ಜನಪ್ರಿಯ ಹಿಪ್‌ಹಾಪ್‌ನ ನುಣುಪು ಈ ಆಲ್ಬಮ್ಮಿನಲ್ಲಿ ಇಲ್ಲದಿರುವುದಕ್ಕೂ, ಧೂಳು ಹಿಡಿದ ಮುದ್ರಿಕೆಯ ಚಟಪಟ ಸದ್ದು ಸಂಗೀತದ ಒಂದು ಪದರವಾಗಿಯೇ ಉಳಿದಿರುವುದಕ್ಕೂ ಕಾರಣ ಇಲ್ಲಿದೆ.

ಅಷ್ಟರಲ್ಲಿ ಒಂದು ಆಘಾತ. ಆಲ್ಬಮ್ಮಿನ ಅರೆಸಿದ್ಧ ಧ್ವನಿಮುದ್ರಣ ಬಿಡುಗಡೆಗೆ ವರ್ಷಕ್ಕೂ ಮೊದಲೇ ಸೋರಿಕೆಯಾಗಿ ಅಂತರಜಾಲದಲ್ಲಿ ಹರಡಿತು. ಮನಸ್ಸು ಮುರಿದ ಇಬ್ಬರೂ ಬೇರೆ ಕೆಲಸಗಳತ್ತ ತಿರುಗಿದರು. ಬಹಳ ತಿಂಗಳ ಬಳಿಕ ಮರಳಿ ಕೈಹಚ್ಚಿದಾಗ ಡೂಮ್ ತಮ್ಮ ಸಾಲುಗಳನ್ನು ಹೊಸದಾಗಿ, ಮೊದಲಿಗಿಂತ ತಗ್ಗಿದ, ನಿಧಾನವಾದ, ನಿರುದ್ವಿಗ್ನ ಧ್ವನಿಯಲ್ಲಿ ಮುದ್ರಿಸಿದರು. ಸೋರಿಕೆಯಾದ ಪ್ರತಿಯನ್ನೇ ಹೆಚ್ಚು ಮೆಚ್ಚುವವರು ಇಂದಿಗೂ ಇದ್ದಾರೆ; ಅವರ ಅಭಿರುಚಿಗೆ ಗೌರವವಿಟ್ಟೂ ಹೇಳಬೇಕಾದದ್ದೆಂದರೆ, ಎರಡನೆಯ ಬಾರಿಯ ಆ ಬಳಲಿದಂಥ, ಒರಗು ಕುರ್ಚಿಯಿಂದ ಏಳದ ದನಿಯೇ ಈ ಆಲ್ಬಮ್ಮನ್ನು ಅದು ಆಗಿರುವಂತೆ ಮಾಡಿದೆ. ಅಬ್ಬರಿಸುವ ದನಿ ಕೇಳುಗನನ್ನು ಹಿಂದಕ್ಕೆ ತಳ್ಳುತ್ತದೆ. ಈ ದನಿಯನ್ನು ಕೇಳಬೇಕಾದರೆ ಕೇಳುಗನೇ ಮುಂದಕ್ಕೆ ಬಾಗಬೇಕಾಗುತ್ತದೆ.

ಮೊದಲ ಬಾರಿ ಕೇಳುವವರನ್ನು ಬೆರಗುಗೊಳಿಸುವುದು ಇದರ ಆಕೃತಿ. ಹೆಚ್ಚಿನ ಹಾಡುಗಳಿಗೆ ಪಲ್ಲವಿಯೇ ಇಲ್ಲ. ಎರಡು ನಿಮಿಷದ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ, ಹಾಡು ಮಾತು ಮುಗಿದ ಕೂಡಲೇ ನಿಂತುಬಿಡುತ್ತದೆ. ರೇಡಿಯೊ ಹಾಡು ನಿಂತಿರುವುದೇ ಕೇಳುಗನ ಬಾಯಲ್ಲಿ ಕೂರುವ ಪಲ್ಲವಿಯ ಮೇಲೆ. ಅದನ್ನು ತೆಗೆದುಹಾಕಿದರೆ ಉಳಿಯುವುದು ಚರಣಗಳ ಸರಣಿ ಮಾತ್ರ, ಮತ್ತು ಅದನ್ನು ಹಿಡಿದು ನಿಲ್ಲಿಸಲು ಮಾತಿನ ಕಸುವಲ್ಲದೆ ಬೇರಾವ ಆಸರೆಯೂ ಇರುವುದಿಲ್ಲ. ಹಾಡುಗಳ ನಡುವೆ ಹಳೆಯ ಚಲನಚಿತ್ರಗಳ, ದೂರದರ್ಶನ ಕಾರ್ಯಕ್ರಮಗಳ ಸಂಭಾಷಣೆಯ ತುಂಡುಗಳು ಬಂದು ಖಳನಾಯಕರ ಒಂದು ಕಾಲ್ಪನಿಕ ಚರಿತ್ರೆಯನ್ನು ಹೆಣೆಯುತ್ತವೆ. ಮಾತೇ ಇಲ್ಲದ ವಾದ್ಯತುಣುಕುಗಳು ನಡುನಡುವೆ ಉಸಿರಾಡಲು ಬಿಡುವು ಕೊಡುತ್ತವೆ. ಹೀಗೆ 22 ತುಣುಕುಗಳು ಬಿಡಿಬಿಡಿಯಾಗಿದ್ದೂ ಒಂದೇ ಓಟದಲ್ಲಿ ಸಾಗುವುದರಿಂದ, ಇದನ್ನು ಹಾಡುಗಳ ಸಂಗ್ರಹವೆಂದು ಕೇಳಿದರೆ ಅರ್ಧವಷ್ಟೇ ದಕ್ಕುತ್ತದೆ.

ಒಂದೆರಡು ತುಣುಕುಗಳನ್ನು ಹತ್ತಿರದಿಂದ ನೋಡಬಹುದು. ‘ಅಕಾರ್ಡಿಯನ್’ ಎಂಬ ಹಾಡಿನಲ್ಲಿ ಡೇಡಲಸ್ ಎಂಬ ಲಾಸ್ ಏಂಜಲೀಸ್ ಕಲಾವಿದರ ಮುದ್ರಿಕೆಯಿಂದ ಎತ್ತಿದ, ತಿದಿಯೊತ್ತಿ ಉಸಿರೆಳೆದಂತೆ ಏಳುವ ಬೀಳುವ ಒಂದು ಸ್ವರಗುಚ್ಛ ಕೊನೆಯವರೆಗೂ ಸುತ್ತುತ್ತದೆ. ಅದರಡಿಯಲ್ಲಿ ತೂಗುವ ಡೋಲು ಬಿಟ್ಟರೆ ಬೇರೇನೂ ಇಲ್ಲ. ಡೂಮ್ ಆ ಲಯದ ಪೆಟ್ಟಿನ ಮೇಲೆ ನೇರವಾಗಿ ಕೂರದೆ ಒಂದೆಳೆ ಹಿಂದೆ ಉಳಿದು ಮಾತಾಡುತ್ತಾರೆ, ವಾಕ್ಯ ಮುಗಿಯಬೇಕಾದಲ್ಲಿ ಮುಗಿಯದೆ ಮುಂದಿನ ಆವರ್ತನಕ್ಕೆ ಚಾಚಿಕೊಳ್ಳುತ್ತದೆ, ತಾಳದ ಸಮಕ್ಕೆ ಬರುವ ಪದ ಅನೇಕ ವೇಳೆ ವಾಕ್ಯದ ನಡುಪದವಾಗಿರುತ್ತದೆ. ಕರ್ನಾಟಕ ಸಂಗೀತದಲ್ಲಿ ಅತೀತ, ಅನಾಗತ ಎಡುಪುಗಳನ್ನು ಆಸ್ವಾದಿಸಿದ ಕಿವಿಗಳಿಗೆ ಈ ಆಟ ಬಹುಬೇಗ ಅರಿವಾಗುತ್ತದೆ. ‘ರೇಡ್’ ಜಾಜ್ ಪಿಯಾನೊ ವಾದಕ ಬಿಲ್ ಎವನ್ಸ್ ನುಡಿಸಿದ ‘ನಾರ್ಡಿಸ್’ನ ಎಳೆಯಿಂದ ಮೊದಲಾಗಿ, ಬ್ರೆಜಿಲಿನ ಓಸ್ಮಾರ್ ಮಿಲಿಟೊ ಅವರ ಮುದ್ರಿಕೆಯ ಕುಣಿತಕ್ಕೆ ಹಠಾತ್ತನೆ ಜಿಗಿಯುತ್ತದೆ. ‘ಸ್ಟ್ರೇಂಜ್ ವೇಸ್’ ಜೆಂಟಲ್ ಜೈಂಟ್ ಎಂಬ ಇಂಗ್ಲಿಷ್ ರಾಕ್ ತಂಡದ 1970ರ ಹಾಡೊಂದರ ಗಾಯನವನ್ನು ಕತ್ತರಿಸಿ ಕಟ್ಟಿದ್ದು. ಇರಾಕ್ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಹೊರಬಂದ ಆ ಹಾಡು ಯುದ್ಧವನ್ನೂ ಅದನ್ನು ನಡೆಸುವವರನ್ನೂ ಕುರಿತಾಗಿದ್ದು, ಇಡೀ ಆಲ್ಬಮ್ಮಿನಲ್ಲಿ ಖಳನ ನಗು ಅಡಗುವ ಸ್ಥಳ ಅದು. ‘ಆಲ್ ಕ್ಯಾಪ್ಸ್’ ಹಳೆಯ ಪತ್ತೇದಾರಿ ಧಾರಾವಾಹಿಯ ಹಿನ್ನೆಲೆ ಸಂಗೀತದಿಂದ ಎದ್ದುಬರುತ್ತದೆ. ಇಷ್ಟು ದೂರದೂರದ ನಾದಗಳು ಒಂದೇ ಸೂರಿನಡಿ ಜಗಳವಾಡದೆ ಕೂತಿರುವುದು ಆರಿಸಿದ ಕಿವಿಯ ಹೆಗ್ಗಳಿಕೆ, ಯಂತ್ರದ್ದಲ್ಲ.

ಆದರೆ ಇಡೀ ಆಲ್ಬಮ್ಮಿನಲ್ಲಿ ಕಲ್ಪನೆಯ ಸೊಗಸು ಮೊನೆಗೊಂಡಿರುವುದು ‘ಫ್ಯಾನ್ಸಿ ಕ್ಲೌನ್’ನಲ್ಲಿ. ಡೂಮ್ ಅವರಿಗೆ ವಿಕ್ಟರ್ ವಾನ್ ಎಂಬ ಇನ್ನೊಂದು ಅವತಾರವಿದೆ; ಆ ಹೆಸರಿನಲ್ಲಿ 2003ರಲ್ಲಿ ಬೇರೆಯದೇ ಆಲ್ಬಮ್ ಬಂದಿತ್ತು. ಈ ಹಾಡಿನಲ್ಲಿ ವಿಕ್ಟರ್ ವಾನ್ ತನ್ನ ಪ್ರೇಯಸಿಗೆ ಫೋನ್ ಮಾಡಿ, ಮುಖವಾಡ ತೊಟ್ಟ ಯಾವನೋ ಒಬ್ಬನ ಜೊತೆ ತಿರುಗುತ್ತಿದ್ದೀಯೆಂದು ಕೆರಳಿ ನಿಂದಿಸುತ್ತಾನೆ. ಆ ಮುಖವಾಡದವನು ಡೂಮ್. ಹೀಗೆ ಒಬ್ಬನೇ ಕವಿ ತನ್ನ ಎರಡು ವೇಷಗಳ ನಡುವೆ ಹೊಟ್ಟೆಕಿಚ್ಚಿನ ಕಥೆ ಹೂಡಿ, ವಂಚಿತನ ಪರವಾಗಿ ತಾನೇ ಅತ್ತು, ವಂಚಕನಾಗಿ ತಾನೇ ಗೆಲ್ಲುತ್ತಾನೆ. ಜ಼ಡ್.ಜ಼ಡ್. ಹಿಲ್ ಎಂಬ ಸೋಲ್ ಗಾಯಕರ ವಿರಹಭರಿತ ದನಿ ಹಿನ್ನೆಲೆಯಲ್ಲಿ ಸುತ್ತುತ್ತಿರುವುದರಿಂದ ವಾನ್‌ನ ಸಂಕಟ ನಿಜವೆನಿಸುತ್ತದೆ, ಕಥೆಯ ಗುಟ್ಟು ಬಲ್ಲವರಿಗೆ ನಗೆಯೂ ಉಕ್ಕುತ್ತದೆ. ಎರಡೂ ಒಟ್ಟಿಗೇ ಆಗುತ್ತವೆ. ‘ಬಿಸ್ಟ್ರೊ’ ಎಂಬ ಇನ್ನೊಂದು ತುಣುಕಿನಲ್ಲಿ ಉಪಾಹಾರ ಗೃಹವೊಂದರ ಮಾಲೀಕನಂತೆ ಅತಿಥಿಗಳನ್ನು ಸ್ವಾಗತಿಸಿ ಪರಿಚಯಿಸುವ ದನಿ ಕೇಳಿಸುತ್ತದೆ, ಆ ಅತಿಥಿಗಳೆಲ್ಲರೂ ಈ ಇಬ್ಬರು ಕಲಾವಿದರ ಬೇರೆ ಬೇರೆ ಹೆಸರುಗಳೇ.

ಇನ್ನು ಪ್ರಾಸದ ವಿಚಾರ. ಕನ್ನಡ ಛಂದಶ್ಶಾಸ್ತ್ರದಲ್ಲಿ ಪಾದಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ದ್ವಿತೀಯಾಕ್ಷರ ಪ್ರಾಸ ಶತಮಾನಗಳ ಕಾಲ ಕಡ್ಡಾಯವಾಗಿತ್ತು. ಅದರ ಹಿಂದಿನ ಅಕ್ಷರದ ಸ್ವರೂಪವನ್ನು ಅನುಸರಿಸಿ ಸಿಂಹ, ಗಜ, ವೃಷಭ ಮೊದಲಾದ ಆರು ಭೇದಗಳನ್ನು ಲಾಕ್ಷಣಿಕರು ಹೇಳಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋವಿಂದ ಪೈ ಅದನ್ನು ತೊರೆದಾಗ ದೊಡ್ಡ ಚರ್ಚೆಯೇ ನಡೆಯಿತು. ಈ ಪ್ರಾಸದ ಜೀವ ವ್ಯಂಜನದಲ್ಲಿದೆ, ಸ್ವರ ಬದಲಾದರೂ ಬಾಧಕವಿಲ್ಲ. ಡೂಮ್ ಅವರ ಪ್ರಾಸದ ಜೀವ ಇದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿ, ಸ್ವರದಲ್ಲಿದೆ. ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಹೆಚ್ಚು ಅಕ್ಷರಗಳ ಒಂದು ಸ್ವರಮಾಲೆಯನ್ನು ಮೊದಲು ಇಟ್ಟು, ಮುಂದಿನ ಹಲವು ಸಾಲುಗಳಲ್ಲಿ ವ್ಯಂಜನಗಳನ್ನೆಲ್ಲ ಬದಲಿಸುತ್ತಾ ಅದೇ ಸ್ವರಗಳನ್ನು ಅದೇ ಅನುಕ್ರಮದಲ್ಲಿ ಅವರು ಮರಳಿಸುತ್ತಾರೆ. ಸಾಲಿನ ಕೊನೆಯಲ್ಲಷ್ಟೇ ಅಲ್ಲದೆ ನಡುವಿನಲ್ಲೂ ಆರಂಭದಲ್ಲೂ ಅದು ಮರಳುವುದರಿಂದ ಕಿವಿಗೆ ಪ್ರಾಸವೊಂದು ಜಾಲದಂತೆ ಹಬ್ಬಿದ ಅನುಭವವಾಗುತ್ತದೆ. ಇಂಗ್ಲಿಷಿನಲ್ಲಿ ಒಂದೆರಡು ಅಕ್ಷರಗಳ ಅಂತ್ಯಪ್ರಾಸಕ್ಕೆ ಒಗ್ಗಿದ ಓದುಗರಿಗೆ ಇದು ಹೊಸತು. ಕೆಲವೆಡೆ ಕೇಳುಗ ಮುಂದಿನ ಪ್ರಾಸಪದವನ್ನು ಊಹಿಸಿಯೇ ಬಿಟ್ಟಿರುವಾಗ, ಬೇಕೆಂದೇ ಬೇರೊಂದು ಪದವನ್ನಿಟ್ಟು ನಿರೀಕ್ಷೆಯನ್ನು ಕೆಡಿಸುವ ಚೇಷ್ಟೆಯೂ ಉಂಟು. ಆಡುಮಾತು, ಕಾಮಿಕ್ಸ್, ಹಳೆಯ ಜಾಹೀರಾತು, ಅಡುಗೆಮನೆ, ಟಿವಿ, ವಿಜ್ಞಾನದ ಪಠ್ಯ ಎಲ್ಲಿಂದ ಬೇಕಾದರೂ ಪದಗಳು ಬಂದು ಈ ಜಾಲದಲ್ಲಿ ಸಿಕ್ಕಿಕೊಳ್ಳುತ್ತವೆ. ಎರಡನೆಯ ಓದಿನಲ್ಲಿ ಮಾತ್ರ ತೆರೆದುಕೊಳ್ಳುವ ಶ್ಲೇಷೆಗಳಿರುತ್ತವೆ. ಇದನ್ನು ಕಾವ್ಯವೆಂದು ಕರೆಯಲು ಯಾವ ರಿಯಾಯಿತಿಯ ಅಗತ್ಯವೂ ಇಲ್ಲ.

ಭಾರತೀಯ ಕೇಳುಗರಿಗೆ ಈ ಲೋಕದ ಜೊತೆ ಇನ್ನೊಂದು ನೇರ ಸಂಬಂಧವೂ ಇದೆ. ಮ್ಯಾಡ್‌ಲಿಬ್ 2007ರಲ್ಲಿ ಹೊರತಂದ ‘ಬೀಟ್ ಕಂಡಕ್ಟಾ ಇನ್ ಇಂಡಿಯಾ’ ಎಂಬ ವಾದ್ಯ ಆಲ್ಬಮ್ ಭಾರತದ ಹಳೆಯ ಚಲನಚಿತ್ರ ಸಂಗೀತದ ತುಂಡುಗಳಿಂದಲೇ ಕಟ್ಟಿದ್ದು. ಇಲ್ಲಿನ ಹಿನ್ನೆಲೆ ಸಂಗೀತಗಾರರು ಮರೆತುಹೋದ ಚಿತ್ರಗಳಿಗೆ ನುಡಿಸಿದ ಎಷ್ಟೋ ಸಣ್ಣ ಸಣ್ಣ ಸೊಗಸುಗಳು ಅಲ್ಲಿ ಮತ್ತೆ ಜೀವ ಪಡೆದಿವೆ. ಇದರ ನೈತಿಕ ಪ್ರಶ್ನೆಯನ್ನು ಮುಚ್ಚಿಡಬಾರದು. 2002ರಲ್ಲಿ ಅಮೆರಿಕದಲ್ಲಿ ಜನಪ್ರಿಯವಾದ ‘ಅಡಿಕ್ಟಿವ್’ ಎಂಬ ಹಾಡು ಬಪ್ಪಿ ಲಾಹಿರಿ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಗೀತೆಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು, ಮತ್ತು ಆ ಆಕ್ಷೇಪ ನ್ಯಾಯವಾದದ್ದೇ. ಒಂದು ಹಾಡಿನ ಮುಖ್ಯ ರಾಗವನ್ನೇ ಎತ್ತಿ ಲಾಭ ಮಾಡಿಕೊಳ್ಳುವುದಕ್ಕೂ, ಯಾರೂ ಗಮನಿಸದ ಎರಡು ಕ್ಷಣದ ನಾದವನ್ನು ಗುರುತು ಸಿಗದಷ್ಟು ಮಾರ್ಪಡಿಸಿ ಬೇರೆಯದೇ ರಚನೆ ಕಟ್ಟುವುದಕ್ಕೂ ಕಲೆಯ ದೃಷ್ಟಿಯಿಂದ ವ್ಯತ್ಯಾಸವಿದೆ; ಕಾನೂನು ಈ ವ್ಯತ್ಯಾಸವನ್ನು ಸರಿಯಾಗಿ ಅಳೆಯಲು ಇನ್ನೂ ಕಲಿತಿಲ್ಲ. ಆದರೂ ಮೂಲ ವಾದಕರಿಗೆ ಹೆಸರೂ ಹಣವೂ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ.

ತಮ್ಮಲ್ಲಿ ಕೆಲವರು ಎತ್ತಬಹುದಾದ ಬೇರೆ ಆಕ್ಷೇಪಗಳೂ ಇವೆ. ಈ ಆಲ್ಬಮ್ಮಿನಲ್ಲಿ ಬೈಗುಳವಿದೆ; ಗಾಂಜಾ ಸೇವನೆಯನ್ನು ಹೊಗಳುವ ಒಂದು ಹಾಡೇ ಇದೆ; ಹೆಣ್ಣನ್ನು ಕುರಿತ ಕೆಲವು ಸಾಲುಗಳು ಹಗುರವಾಗಿವೆ. ಪಾತ್ರಧಾರಿಯ ಮಾತೆಂದು ಎಲ್ಲವನ್ನೂ ಕ್ಷಮಿಸಲಾಗದು. ಡೂಮ್ ಅವರು ಮುಂದೆ ಕೆಲವು ಕಾರ್ಯಕ್ರಮಗಳಿಗೆ ತಮ್ಮ ಬದಲು ಅದೇ ಮುಖವಾಡ ತೊಟ್ಟ ಬೇರೊಬ್ಬರನ್ನು ಕಳುಹಿಸಿದ್ದೂ ಉಂಟು. ಅದನ್ನು ಮುಖವಾಡದ ತತ್ತ್ವದ ಮುಂದುವರಿಕೆ ಎಂದು ಸಮರ್ಥಿಸಿದವರಿದ್ದರೂ, ದುಡ್ಡು ಕೊಟ್ಟು ಟಿಕೆಟ್ ಕೊಂಡ ಅಭಿಮಾನಿಗೆ ಅದು ಅನ್ಯಾಯವೇ. ಈ ಕುಂದುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿಯುವ ಸಾಧನೆ ದೊಡ್ಡದು.

ಮಾರುಕಟ್ಟೆಯ ಅಳತೆಯಲ್ಲಿ ಆ ಸಾಧನೆ ಕಾಣಿಸಿದ್ದು ಅಲ್ಪವಾಗಿ: ಬಿಲ್‌ಬೋರ್ಡ್ ಪತ್ರಿಕೆಯ 200 ಆಲ್ಬಮ್‌ಗಳ ಪಟ್ಟಿಯಲ್ಲಿ ‘ಮ್ಯಾಡ್‌ವಿಲನಿ’ ಏರಿದ ಗರಿಷ್ಠ ಸ್ಥಾನ 179. ಹಾಗಿದ್ದೂ ಕಿವಿಯಿಂದ ಕಿವಿಗೆ ಹಬ್ಬಿ, ಮುಂದಿನ ತಲೆಮಾರಿನ ಕಲಾವಿದರಿಗೆ ಪಠ್ಯದಂತಾಗಿ, 2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಎಲ್ಲ ಕಾಲದ 500 ಶ್ರೇಷ್ಠ ಆಲ್ಬಮ್‌ಗಳನ್ನು ಪಟ್ಟಿ ಮಾಡಿದಾಗ ಅಲ್ಲಿ ಸ್ಥಾನ ಪಡೆಯಿತು. ಅದೇ ವರ್ಷ ಡೂಮ್ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಬೆಳೆದೂ ಅಲ್ಲಿನ ಪೌರತ್ವವಿರದಿದ್ದ ಅವರಿಗೆ 2010ರಲ್ಲಿ ಆ ದೇಶಕ್ಕೆ ಮರುಪ್ರವೇಶ ನಿರಾಕರಿಸಲಾಗಿತ್ತು, ಹಾಗಾಗಿ ಕೊನೆಯ ದಶಕವನ್ನು ಅವರು ಹುಟ್ಟಿದ ನಾಡಿನಲ್ಲೇ ಕಳೆದರು. ಸಾವು ಸಂಭವಿಸಿದ್ದು ಅಕ್ಟೋಬರ್ 31ರಂದು, ಕುಟುಂಬ ಅದನ್ನು ಹೊರಜಗತ್ತಿಗೆ ತಿಳಿಸಿದ್ದು ಡಿಸೆಂಬರ್ 31ರಂದು. ಆ ಎರಡು ತಿಂಗಳು ಅವರ ಕೇಳುಗರಾರಿಗೂ ವಿಷಯ ಗೊತ್ತಿರಲಿಲ್ಲ.

ಒಂದು ಆಲ್ಬಮ್ ಹಿಡಿಸಿದ ಮೇಲೆ ಉಳಿದದ್ದಕ್ಕೆ ಮಾರ್ಗದರ್ಶಕರು ಬೇಕಾಗುವುದಿಲ್ಲ. ಡೂಮ್ ಅವರ ದನಿ ಹಿಡಿಸಿದವರು ‘ಆಪರೇಷನ್: ಡೂಮ್ಸ್‌ಡೇ’ಗೂ 2004ರಲ್ಲೇ ಬಂದ ‘ಎಂ.ಎಂ..ಫುಡ್’ಗೂ ಹೋಗುತ್ತಾರೆ, ಬೀಟ್‌ಗಳ ಸೆಳೆತಕ್ಕೆ ಸಿಕ್ಕವರು ‘ದಿ ಅನ್‌ಸೀನ್’ ಮೂಲಕ ಜೆ ಡಿಲ್ಲಾ ಅವರ ‘ಡೋನಟ್ಸ್’ (2006) ತಲುಪುತ್ತಾರೆ, ಇನ್ನೂ ಕಠಿಣವಾದ, ನಗರದ ಕಬ್ಬಿಣದ ಕಾವಳ ತುಂಬಿದ ಸಂಗೀತ ಬೇಕೆನಿಸಿದವರಿಗೆ ಕ್ಯಾನಿಬಲ್ ಆಕ್ಸ್ ತಂಡದ ‘ದಿ ಕೋಲ್ಡ್ ವೇನ್’ (2001) ಇದೆ. ಸ್ಯಾಂಪಲ್‌ಗಳ ಜಾಡು ಹಿಡಿದು ಹಿಂದಕ್ಕೆ ನಡೆದವರು ಬಿಲ್ ಎವನ್ಸ್, ಸನ್ ರಾ, ಮರಿಯಾ ಬೆತಾನಿಯಾ ಮೊದಲಾದವರ ಮೂಲ ಸಂಗೀತವನ್ನು ಮೊದಲ ಬಾರಿಗೆ ಕೇಳುತ್ತಾರೆ. ಬೆಂಗಳೂರಿನಲ್ಲೂ ರಾಜ್ಯದ ಬೇರೆ ಊರುಗಳಲ್ಲೂ ಸಿನಿಮಾದ ಹಂಗಿಲ್ಲದೆ ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಿರುವ ಯುವಕ ಯುವತಿಯರನ್ನು ಕೇಳುವ ಕಿವಿ ಕೂಡ ಇಲ್ಲಿಂದ ಹದಗೊಳ್ಳಬಲ್ಲದು. ಪ್ರಾಸದ ತೂಕ ತಿಳಿದ ಕೇಳುಗರು ಎದುರಿಗಿದ್ದಾರೆಂದು ಗೊತ್ತಾದರೆ ಆ ಬರಹಗಾರರೂ ಇನ್ನಷ್ಟು ಎಚ್ಚರದಿಂದ ಬರೆಯುತ್ತಾರೆ.

ಆದ್ದರಿಂದ ತಮ್ಮಲ್ಲಿ ಈ ಪತ್ರದ ವಿನಂತಿ ಇದು: ಒಂದು ಸಂಜೆ 46 ನಿಮಿಷಗಳನ್ನು ಬಿಡುವು ಮಾಡಿಕೊಂಡು, ಹಾಡುಗಳ ಕ್ರಮ ಬದಲಿಸದೆ, ನಡುವೆ ನಿಲ್ಲಿಸದೆ, ‘ಮ್ಯಾಡ್‌ವಿಲನಿ’ಯನ್ನು ಕೇಳಿರಿ. ಮೊದಲ ಸಲ ಅರ್ಥದ ಬೆನ್ನುಹತ್ತದೆ ದನಿ ಮತ್ತು ಲಯಗಳಿಗಷ್ಟೇ ಕಿವಿಗೊಡಿರಿ. ಎರಡನೆಯ ಸಲ ಮುದ್ರಿತ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಪ್ರಾಸ ಎಲ್ಲಿ ಹೊರಟು ಎಲ್ಲಿ ಮುಟ್ಟುತ್ತದೆಂದು ಪೆನ್ಸಿಲಿನಿಂದ ಗುರುತು ಹಾಕುತ್ತಾ ಕೇಳಿರಿ. ಅದಾದ ಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಬಹುದು, ಆದರೆ ಅಲ್ಲಿಯವರೆಗೆ ತೀರ್ಪು ಕಾಯಲಿ.

ಇಂತಿ,
ತಮ್ಮ ವಿಶ್ವಾಸಿ